ನೀರಿನ ಬಿಲ್ಲಿನಲ್ಲಿ ಅಕ್ಕನ ಪಾಲು

ಮನೆಗೆ ಬರುವ ಕಾಗದಗಳಲ್ಲಿ ನಾನು ಕನ್ನಡಕ ಹಾಕಿಕೊಂಡು ಓದುವುದು ಎರಡನ್ನೇ. ಒಂದು ಲಗ್ನಪತ್ರಿಕೆ, ಇನ್ನೊಂದು ನೀರಿನ ಬಿಲ್ಲು. ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಹಾಕಿದ್ದಾರೋ ಇಲ್ಲವೋ ಎಂದು ಹುಡುಕುತ್ತೇನೆ. ಬಿಲ್ಲಿನ ಮೇಲೆ ನನ್ನ ಹೆಸರು ಇರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತೇನೆ. ಎರಡರಲ್ಲಿಯೂ ಕೊನೆಗೆ ಕೈಯಿಂದ ರೊಕ್ಕ ಹೋಗುವುದು ಮಾತ್ರ ತಪ್ಪುವುದಿಲ್ಲ.

ನಾನು ಹುಡುಗನಾಗಿದ್ದಾಗ ನೀರಿಗೆ ಬಿಲ್ಲು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ನಾಳೆ ಬಿಸಿಲಿಗೂ ಬರುತ್ತದೆಯೇ ಎಂದು ನಗುತ್ತಿದ್ದೆವು. ದುಂದುಗಾರನನ್ನು ಬಯ್ಯಬೇಕಾದರೆ ಹಿರಿಯರು 'ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡ್ತಾನ' ಅನ್ನುತ್ತಿದ್ದರು. ಆ ಮಾತು ಹುಟ್ಟಿಸಿದ ಪುಣ್ಯಾತ್ಮ ನಾರಾಯಣಪೇಟೆಯ ನಮ್ಮ ಕಾಲೋನಿಯಲ್ಲಿ ಒಂದು ತಿಂಗಳು ಬಾಡಿಗೆಗಿದ್ದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಇಲ್ಲಿ ನಾವೆಲ್ಲ ಸೇರಿ ಬೋರು ಹಾಕಿಸಿದ್ದೇವೆ, ಒಂದು ಕಮಿಟಿ ಮಾಡಿಕೊಂಡಿದ್ದೇವೆ, ಮನೆಮನೆಗೆ ಮೀಟರು ಕೂಡಿಸಿದ್ದೇವೆ. ಮುಂಜಾನೆ ಒಂದು ತಾಸು ನೀರು ಬಿಡುತ್ತಾರೆ, ಮಾಳಿಗೆಯ ಮೇಲಿನ ಟಾಕಿ ತುಂಬುತ್ತದೆ. ಸ್ವಲ್ಪ ಬಳಸಿದವರಿಗೆ ದರ ಅಗ್ಗ. ಒಂದು ಗೆರೆ ದಾಟಿತೋ, ಮೇಲಿನ ನೀರಿಗೆ ದರ ಹೆಚ್ಚುಕಡಿಮೆ ಇಮ್ಮಡಿ. ಈ ಗೆರೆ ಹಾಕಬೇಕೆಂದು ಕಮಿಟಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನೇ. ನಾನು ಅದನ್ನು ದಾಟುವವನಲ್ಲ ಎಂಬ ಧೈರ್ಯವಿತ್ತು.

ಎರಡೇ ತಿಂಗಳಲ್ಲಿ ದಾಟಿದೆ. ಆಮೇಲೆ ಪ್ರತಿ ತಿಂಗಳೂ ದಾಟಿದೆ.

ನಾನು ಬಸ್ ಕಂಡಕ್ಟರನಾಗಿದ್ದವನು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹತ್ತನೇ ಇಯತ್ತೆ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡವನು ನಲವತ್ತು ವರ್ಷ ಇಳಿಸಲಿಲ್ಲ. ಬಸ್ಸಿನಲ್ಲಿ ತಲೆ ಎಣಿಸುತ್ತೇವೆ, ಟಿಕೇಟು ಎಣಿಸುತ್ತೇವೆ. ಎರಡೂ ತಾಳೆಯಾಗದಿದ್ದರೆ ಯಾರೋ ಒಬ್ಬ ಟಿಕೇಟಿಲ್ಲದೆ ಕೂತಿದ್ದಾನೆ, ಅಷ್ಟೆ. ಅವನು ಹೆಚ್ಚಾಗಿ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. ನಿವೃತ್ತನಾದ ದಿನ ಚೀಲ, ಸೀಟಿ, ಬಿಲ್ಲೆ ಎಲ್ಲ ಡಿಪೋದಲ್ಲಿ ಕೊಟ್ಟು ಬಂದೆ. ಆ ಕಣ್ಣನ್ನು ಮಾತ್ರ ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಬಿಲ್ಲು ಏರಿತು ಎಂದ ಕೂಡಲೇ ನನ್ನ ಮನೆಯೇ ನನಗೆ ಬಸ್ಸಾಯಿತು.

ಮೊದಲು ಕೂಲರನ್ನು ಹಿಡಿದೆ. ನಮ್ಮ ಬೇಸಿಗೆಯಲ್ಲಿ ಕೂಲರು ಎಮ್ಮೆಗಿಂತ ಹೆಚ್ಚು ಕುಡಿಯುತ್ತದೆ, ಹಾಲು ಮಾತ್ರ ಕೊಡುವುದಿಲ್ಲ. ಆದರೆ ಮಳೆ ಬಿದ್ದು ಕೂಲರು ಮೂಲೆ ಸೇರಿದ ಮೇಲೂ ಬಿಲ್ಲು ಇಳಿಯಲಿಲ್ಲ. ಆಮೇಲೆ ಬೀಗರ ಮೇಲೆ ಸಂಶಯ ಬಂತು. ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಆ ಕಡೆಯವರು ಎರಡು ಹೊಳೆಗಳ ನಡುವೆ ಹುಟ್ಟಿ ಬೆಳೆದವರು. ಒಂದು ಲೋಟ ತೊಳೆಯಲು ಒಂದು ಕೊಡ ಸುರಿಯುತ್ತಾರೆ. ಅವರು ಬಂದರೆ ಬಾಗಿಲಲ್ಲಿ ಕಾಲಿಗೆ ನೀರು ಕೊಡಬೇಕಲ್ಲ, ಆ ತಂಬಿಗೆಯನ್ನು ಮುಕ್ಕಾಲು ಮಾತ್ರ ತುಂಬುವುದಕ್ಕೆ ಶುರುಮಾಡಿದೆ. ಬೀಗರು ಒಂದೇ ಕಾಲು ತೊಳೆದುಕೊಂಡು ಇನ್ನೊಂದನ್ನು ಹಾಗೇ ಒಳಗೆ ಇಟ್ಟರು. ಹೆಂಡತಿ ನಾಗಮ್ಮ ಅಂದು ರಾತ್ರಿ ನನಗೆ ಪಲ್ಯವನ್ನೂ ಮುಕ್ಕಾಲೇ ಬಡಿಸಿದಳು.

ಕೂಲರು ತಪ್ಪಿಸಿಕೊಂಡಿತು, ಬೀಗರು ಊರಿಗೆ ಹೋದರು. ಬಸ್ಸಿನಲ್ಲಿ ಉಳಿದವಳು ಅಕ್ಕ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ, ಪೂಜೆಗೆ ಮುಂಚೆ ಎರಡು ಹೊತ್ತು ಜಳಕ. ಚಳಿ ಇರಲಿ, ಜ್ವರ ಇರಲಿ, ಇದರಲ್ಲಿ ರಜೆಯಿಲ್ಲ. ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತು, ಬಚ್ಚಲಿನಲ್ಲಿ ಕೊಡ ತುಂಬುವ ಸದ್ದು ಕೇಳಿದಾಗೆಲ್ಲ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದು ಗೀರು ಎಳೆಯತೊಡಗಿದೆ. ಓದುತ್ತಿದ್ದ ಸುದ್ದಿ ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಗೀರು ಮಾತ್ರ ತಪ್ಪುತ್ತಿರಲಿಲ್ಲ. ಅದೇ ದಿನಗಳಲ್ಲಿ ಅಕ್ಕ ಒಮ್ಮೆ ಹಿತ್ತಲಿನಿಂದ ಬಂದು ಕೇಳಿದಳು:

"ತಮ್ಮಾ, ಹಿತ್ತಲದಾಗಿನ ಬಾಳಿಗಿ ಯಾರು ನೀರು ಹಾಕ್ತಾರೋ? ಈ ಪರಿ ಬಂದಾವಲ್ಲ!"

"ಯಾರೂ ಹಾಕಂಗಿಲ್ಲ ಅಕ್ಕಾ. ಮಣ್ಣು ಚಲೋ ಐತಿ," ಎಂದೆ. ಮಣ್ಣನ್ನು ನಾನೇ ಹೆತ್ತವನ ಹಾಗೆ ಎದೆ ಉಬ್ಬಿಸಿದೆ. ಬಾಳೆಗೊನೆ ಇಳಿದಾಗಲೆಲ್ಲ ಓಣಿಯ ಮನೆಗಳಿಗೆ ಒಂದೊಂದು ಚಿಪ್ಪು ಹಂಚಿ ಹೊಗಳಿಸಿಕೊಂಡಿದ್ದೆ ಕೂಡ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಸುತ್ತಿ ಬಳಸಿ ಇಲ್ಲಿಯವರೆಗೆ ಬಂದದ್ದು ಇದನ್ನು ಹೇಳಲು ನಾಲಿಗೆ ಬಾರದ್ದಕ್ಕೆ.

ಒಂದು ಸೋಮವಾರ ಅಕ್ಕ ತಲೆ ಎರೆದುಕೊಳ್ಳುತ್ತಿದ್ದಳು. ಆರು ಗೀರು ಆಗಿತ್ತು, ಏಳನೆಯ ಕೊಡದ ಸದ್ದು ಕೇಳಿತು. ನಾನು ಎದ್ದು ಹೋಗಿ ಟಾಕಿಯ ಪೈಪಿನ ವಾಲ್ವು ತಿರುವಿಬಿಟ್ಟೆ.

ಒಳಗಿನಿಂದ ಅಕ್ಕ ಕೂಗಿದಳು: "ತಮ್ಮಾ, ನೀರು ನಿಂತ್ವು ನೋಡಪಾ. ಕಣ್ಣಾಗ ಸೀಗೀಕಾಯಿ ಹೊಕ್ಕೈತಿ."

"ತಾವಾಗಿ ನಿಂತಿಲ್ಲಕ್ಕಾ, ನಾನೇ ನಿಲ್ಲಿಸೀನಿ. ಏಳನೇ ಕೊಡ ಅದು! ಬಿಲ್ಲು ಯಾರಪ್ಪ ಬಂದು ಕಟ್ಟತಾನ?"

ಆಕೆಯ ಅಪ್ಪನೇ ನನ್ನ ಅಪ್ಪ ಎಂಬುದು ಮಾತು ಬಾಯಿಂದ ಬಿದ್ದ ಮೇಲೆ ನೆನಪಾಯಿತು. ನಾಗಮ್ಮ ಅಡುಗೆಮನೆಯಿಂದ ಕುಡಿಯುವ ನೀರಿನ ಕೊಡ ಎತ್ತಿಕೊಂಡು ಓಡಿದಳು. ಓಡುವಾಗ ನನ್ನ ಕಡೆ ನೋಡಿದ ನೋಟವನ್ನು ಬರೆಯುವಷ್ಟು ಕನ್ನಡ ನನಗೆ ಬರುವುದಿಲ್ಲ.

ಅಕ್ಕ ಕೆಂಪು ಕಣ್ಣಿನಲ್ಲಿಯೇ ಪೂಜೆ ಮಾಡಿದಳು, ಅರ್ಧ ರೊಟ್ಟಿ ತಿಂದಳು. ಮರುದಿನ ಮುಂಜಾನೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು, "ಮಕ್ತಲಿಗೆ ಸರೋಜನ ಮನಿಗೆ ಹೋಗಿ ಬರ್ತೀನಿ" ಎಂದಳು. ಸರೋಜ ಆಕೆಯ ಮಗಳು. ಯಾವತ್ತು ಬರುತ್ತಾಳೆಂದು ಹೇಳಲಿಲ್ಲ. ಹಿಂದೆ ಹೆಣ್ಣುಮಕ್ಕಳು ಸಿಟ್ಟು ಮಾಡಿಕೊಂಡು ಹೊರಟರೆ ಟಿಕೇಟಿನ ರೊಕ್ಕ ಹೊಂದಿಸುವಷ್ಟರಲ್ಲಿ ಸಿಟ್ಟು ಅರ್ಧ ಆರಿರುತ್ತಿತ್ತು. ಈಗ ನಮ್ಮ ಕಡೆ ಹೆಂಗಸರಿಗೆ ಬಸ್ಸು ಬಿಟ್ಟಿ. ಆಧಾರ್ ಕಾರ್ಡು ತೋರಿಸಿದರೆ ಸಾಕು, ಸಿಟ್ಟು ಬಿಸಿಬಿಸಿಯಾಗಿಯೇ ಮಕ್ತಲು ಮುಟ್ಟುತ್ತದೆ.

ಮುಂದಿನ ತಿಂಗಳ ಬಿಲ್ಲು ಬಂತು. ಕನ್ನಡಕ ಹಾಕಿಕೊಂಡೆ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ. ಹಿಂದಿನದಕ್ಕಿಂತ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ನಾಗಮ್ಮ ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು.

"ಯಾಕ್ರೀ, ಅಕ್ಕಾರು ಹೋಗೂ ಮುಂದ ಜಳಕಾ ಇಲ್ಲೇ ಬಿಟ್ಟು ಹೋಗ್ಯಾರೇನು?"

ನಾನು ಎದ್ದು ಹೊರಗೆ ನಡೆದೆ. ಎದುರು ಮನೆಯ ರಂಗಯ್ಯ ಸೀರೆಯ ನೂಲಿಗೆ ಬಣ್ಣ ಹಾಕುವವನು. ನಮ್ಮೂರ ಸೀರೆಗಳ ಅಂಚು ದೇಶವೆಲ್ಲ ಸುತ್ತಿದರೂ ಆತ ಓಣಿ ಬಿಟ್ಟು ಹೋದವನಲ್ಲ. ಮನೆಮಾತು ತೆಲುಗು, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಉರ್ದು. ನನ್ನ ಗೋಳು ಕೇಳಿ ನಕ್ಕ.

"ಕಂಡಕ್ಟರ್ ಸಾಬ್, ನೀರಿಗಿ ಬಣ್ಣಿಲ್ಲ, ಅದಕ್ಕ ಕಳ್ಳತನ ಕಾಣಂಗಿಲ್ಲ. ಟಾಕಿಗಿ ಒಂದೀಟು ಬಣ್ಣ ಹಾಕ್ರಿ. ಎಲ್ಲಿ ಸೋರತೈತೋ ಅಲ್ಲಿ ಹೋಳಿ ಆಡತೈತಿ." ಒಳಗಿನಿಂದ ಬದನೆಕಾಯಿ ಬಣ್ಣದ ಪೊಟ್ಟಣ ತಂದು ಕೈಗಿಟ್ಟು ಎಚ್ಚರಿಸಿದ: "ಚಿಟಿಕೆಡು ಚಾಲು, ಸಾಬ್. ಒಂದೇ ಚಿಟಿಕಿ ಸಾಕು!"

ಚಿಟಿಕೆಯಲ್ಲಿ ಕಳ್ಳ ಸಿಕ್ಕಾನೇ ಎಂದುಕೊಂಡು ಇಡೀ ಪೊಟ್ಟಣ ಸುರಿದೆ. ಕೈಯಿಂದಲೇ ಕಲಕಿದೆ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ನಾಗಮ್ಮನ ಚೀರು ಕೇಳಿತು.

"ಅಯ್ಯ ನನ ಶಿವನ! ಮಾರಿ ತೊಳಕೊಂಡ್ರ ಬದನೀಕಾಯಿ ಆದ್ನಲ್ಲ! ಇವತ್ತು ಎಣ್ಣಿಗಾಯಿ ಮಾಡೂದಿದ್ರ ನನ್ನನ್ನ ಸೀಳಿ ಮಸಾಲಿ ತುಂಬ್ರಿ!"

ಆ ಬೈಗುಳದಿಂದ ತಪ್ಪಿಸಿಕೊಳ್ಳಲು ಹಿತ್ತಲಿಗೆ ಓಡಿದೆ. ಅಲ್ಲಿ ಬಾಳೆಯ ಬುಡದಲ್ಲಿ ಒಂದು ಮಾರು ಮಣ್ಣು ಬದನೆಕಾಯಿ ಬಣ್ಣವಾಗಿತ್ತು.

ಗುದ್ದಲಿ ತಂದು ಅಗೆದೆ. ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ಪೈಪು, ಅದರ ಜೋಡಣೆ, ಜೋಡಣೆಗೆ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ. ಆ ಪಟ್ಟಿಯ ಗುರುತು ಹತ್ತಿತು, ಅದನ್ನು ಸುತ್ತಿದ ಕೈಯ ಗುರುತೂ ಹತ್ತಿತು. ಪೈಪು ಹಾಕಿಸುವಾಗ ಫಿಟ್ಟರು, ಇನ್ನೊಂದು ದಿನದ ಕೆಲಸ ಉಳಿದಿದೆ, ಕೂಲಿ ಕೊಡಿ ಎಂದಿದ್ದ. ಇಷ್ಟಕ್ಕೆ ನೀನು ಯಾಕೆ ಎಂದು ಅವನನ್ನು ಕಳಿಸಿ ಕೊನೆಯ ಜೋಡಣೆ ನಾನೇ ಮಾಡಿದ್ದೆ. ಮೇಲೆ ಮಣ್ಣು ಮುಚ್ಚಿ, ಜಾಗ ಖಾಲಿಯಿದೆಯೆಂದು ಬಾಳೆಯ ಕಂದು ನೆಟ್ಟಿದ್ದೆ.

ಶಾಲೆಯಲ್ಲಿ ನಮಗೊಂದು ಲೆಕ್ಕವಿತ್ತು. ಒಂದು ತೊಟ್ಟಿಗೆ ಎರಡು ನಳ. ಒಂದು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ಎರಡನ್ನೂ ಒಟ್ಟಿಗೆ ಬಿಡುವ ಹುಚ್ಚ ಯಾರು ಸಾರ್ ಎಂದು ಕೇಳಿ ನಾನು ಬೆತ್ತದ ರುಚಿ ನೋಡಿದ್ದೆ. ಆ ಹುಚ್ಚ ಯಾರೆಂದು ತಿಳಿಯಲು ಐವತ್ತು ವರ್ಷ ಹಿಡಿಯಿತು. ಹಿತ್ತಲಿನ ಕೆಸರಿನಲ್ಲಿ ಕೂತು ಲೆಕ್ಕ ಹಾಕಿದೆ: ಆ ಬಾಳೆಹಣ್ಣು ಒಂದೊಂದೂ ಕಾಶ್ಮೀರದ ಸೇಬಿಗಿಂತ ತುಟ್ಟಿ. ಇಡೀ ಬಸ್ಸು ಜಾಲಾಡಿ ಎಲ್ಲರನ್ನೂ ಎಬ್ಬಿಸಿ ನೋಡಿದ ಮೇಲೆ, ಟಿಕೇಟಿಲ್ಲದೆ ಕೂತವನು ಕಂಡಕ್ಟರನೇ ಆಗಿದ್ದ.

ಅಂದೇ ಫಿಟ್ಟರನನ್ನು ಕರೆಸಿ, ಕೇಳಿದಷ್ಟು ಕೂಲಿ ಕೊಟ್ಟು ಪೈಪು ಸರಿಮಾಡಿಸಿ, ಮಕ್ತಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಹೊಂದಿಸಿಕೊಂಡೆ. ಟಿಕೇಟು ಕೊಟ್ಟ ಕಂಡಕ್ಟರ್ ಹುಡುಗಿ ನನ್ನ ಬದನೆಕಾಯಿ ಕೈ ನೋಡಿ ಚಿಲ್ಲರೆಯನ್ನು ಮೇಲಿನಿಂದ ಬಿಟ್ಟಳು.

ಸರೋಜನ ಮನೆಯ ಕಟ್ಟೆಯ ಮೇಲೆ ಅಕ್ಕ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿ ನೋಡಿದಳು.

"ಕೈ ಏನಾಗ್ಯಾವೋ?"

"ನೀರುಗಳ್ಳನ್ನ ಹಿಡಿದ್ನಿ ಅಕ್ಕಾ."

"ಸಿಕ್ಕನೇನು?"

"ಸಿಕ್ಕ. ನಿನ ಮುಂದ ನಿಂತಾನ ನೋಡು."

ಎಲ್ಲ ಹೇಳಿದೆ. ಪೈಪು, ಟ್ಯೂಬು, ಬಾಳೆ, ನಾಗಮ್ಮನ ಮುಖ. ಒಳಗೆ ನಿಂತು ಕೇಳುತ್ತಿದ್ದ ಸರೋಜ ಬಿದ್ದು ಬಿದ್ದು ನಕ್ಕಳು. ಅಕ್ಕ ನಗಲಿಲ್ಲ. ಮೊರದಲ್ಲಿದ್ದ ಒಂದು ಹರಳನ್ನು ಹುಡುಕಿ ಎಸೆದಳು.

"ತಪ್ಪಾತಕ್ಕಾ. ಸೋರೂದು ಪೈಪು, ನಾ ಅಂದಿದ್ದು ನಿನಗ. ನಡಿ ಮನಿಗೆ."

"ಪೈಪು ಸೋರಿದ್ದಕ್ಕ ನಾ ಕಳ್ಳಿ ಅಲ್ಲ ಅಂತ ನಿನಗ ಗೊತ್ತಾತು. ಪೈಪು ಸೋರದಿದ್ರ? ನಾ ಏಳು ಕೊಡ ಸುರಕೊಂಡಿದ್ದಕ್ಕೇ ಬಿಲ್ಲು ಏರಿತ್ತಂದ್ರ? ಆವಾಗ ನೀ ಮಾಡಿದ್ದು ಬರೋಬ್ಬರಿ ಇತ್ತೇನು?"

ನಾನು ಬಂದದ್ದು ಲೆಕ್ಕ ತಪ್ಪಿತೆಂದು ಹೇಳಲು. ಆಕೆ ಕೇಳುತ್ತಿದ್ದದ್ದು ಲೆಕ್ಕ ಹಾಕಿದ್ದು ಯಾಕೆ ಎಂದು. ನಾನು ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟೆ.

"ಇಲ್ಲಕ್ಕಾ. ಆವಾಗೂ ತಪ್ಪೇ," ಎಂದೆ. ಹೊಂದಿಸಿಕೊಳ್ಳದೆ ಆಡಿದ ಮಾತು ಇದೊಂದೇ.

ಅಕ್ಕ ಮೊರ ಕೆಳಗಿಟ್ಟಳು. "ಬರ್ತೀನಿ. ಆದ್ರ ಮನ್ಯಾಗ ಮೂರು ತಲಿ, ಬಿಲ್ಲಿಗಿ ಮೂರು ಪಾಲು. ನನ ಪಾಲು ನಾ ಕೊಡ್ತೀನಿ. ಪಿಂಚಣಿ ಬರತೈತಿ ನನಗ. ಕೊಟ್ಟು ಜಳಕಾ ಮಾಡ್ತೀನಿ, ಬೇಡಿ ಮಾಡಂಗಿಲ್ಲ."

"ಅಕ್ಕನ ಕಡೆ ನೀರಿನ ರೊಕ್ಕ ಇಸಕೊಂಡ್ರ ಮಂದಿ ಏನಂದಾರು?"

"ನಾ ಮಂದೀಗಿ ಹೇಳಂಗಿಲ್ಲ. ಬೇಕಾದ್ರ ನೀ ಹೇಳಕೋ."

ಹೇಳಿಕೊಳ್ಳುತ್ತಿದ್ದೇನೆ, ನೋಡಿ.

ಅಂದು ಸಂಜೆಯ ಬಸ್ಸಿಗೇ ಇಬ್ಬರೂ ಹಿಂದಿರುಗಿದೆವು. ಆಕೆಗೆ ಬಿಟ್ಟಿ, ನನಗೆ ಟಿಕೇಟು. ಪೈಪು ರಿಪೇರಿಯಾದ ಮೇಲೆ ನಮ್ಮ ಬಿಲ್ಲು ಗೆರೆಯಿಂದ ಎಷ್ಟು ಕೆಳಗೆ ಇಳಿಯಿತೆಂದರೆ, ಯಂತ್ರ ಕೆಟ್ಟಿರಬೇಕೆಂದು ಕಮಿಟಿಯವರು ಬಂದು ಮೀಟರು ತಟ್ಟಿ ನೋಡಿ ಹೋದರು. ಅಕ್ಕನ ಜಳಕ ಎರಡು ಹೊತ್ತೂ ನಡೆದಿದೆ. ಪಡಸಾಲೆಯಲ್ಲಿ ಕೂತು ಪತ್ರಿಕೆ ಓದಿದರೆ ಈಗ ಸುದ್ದಿ ತಲೆಗೆ ಹತ್ತುತ್ತದೆ. ಹತ್ತದಿದ್ದರೇ ಚೆನ್ನಾಗಿತ್ತು ಎನ್ನುವಂಥ ಸುದ್ದಿಗಳೇ ಹೆಚ್ಚು, ಆ ಮಾತು ಬೇರೆ.

ಬಿಲ್ಲು ಬಂದ ದಿನ ಅಕ್ಕ ತನ್ನ ಪಾಲು ಎಷ್ಟೆಂದು ಕೇಳುತ್ತಾಳೆ. ಮೂರರಿಂದ ಭಾಗಿಸಿ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಸೆರಗಿನ ಗಂಟು ಬಿಚ್ಚಿ, ಎಣಿಸಿ, ನನ್ನ ಅಂಗೈಯಲ್ಲಿಟ್ಟು ಕೇಳುತ್ತಾಳೆ:

"ಇಷ್ಟೇ ಏನೋ?"

"ಇಷ್ಟೇ ಅಕ್ಕಾ."

"ಇಷ್ಟಕ್ಕ..." ಎಂದು ಶುರುಮಾಡಿ, ಮಾತನ್ನು ಅಲ್ಲಿಯೇ ಬಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆಯುತ್ತಾಳೆ. ಇಲ್ಲಿಯವರೆಗೆ ಒಂದು ತಿಂಗಳೂ ಅದನ್ನು ಪೂರ್ತಿ ಮಾಡಿಲ್ಲ. ಬಿಲ್ಲಿನ ಮಿಕ್ಕ ಎರಡು ಪಾಲು ನಾನು ನಗುನಗುತ್ತ ಕಟ್ಟಿಬರುತ್ತೇನೆ. ಆ ಮಾತಿನ ಮಿಕ್ಕರ್ಧ ಮಾತ್ರ ಪ್ರತಿ ತಿಂಗಳೂ ಇಡಿಯಾಗಿ ನನ್ನ ಪಾಲಿಗೇ ಬೀಳುತ್ತದೆ.