ನಂಬಲಾಗದ ಪರೀಕ್ಷೆಗಳ ವಸುಧಕ್ಕ

ಪರದೆಯ ಮೇಲೆ ಕೆಂಪು ಕಂಡರೆ ನಾವೆಲ್ಲ ಮುಖ ಸಿಂಡರಿಸುತ್ತಿದ್ದೆವು. ವಸುಧಕ್ಕ ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ದಿನಕ್ಕೆ ಬಂದ ನೆಂಟರ ಎದುರು ಕೂತಂತೆ ಕೂರುತ್ತಿದ್ದರು.

ಕೋಲ್ಕತ್ತಾದ ನಮ್ಮ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಯಾರು ಏನೇ ತಿದ್ದಿದರೂ ಕಂಪ್ಯೂಟರೇ ನೂರಾರು ಪರೀಕ್ಷೆ ನಡೆಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತಿತ್ತು. ಅವುಗಳಲ್ಲಿ ಕೆಲವು, ಯಾರೂ ಏನೂ ಮುಟ್ಟದಿದ್ದರೂ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಹಸಿರು. ನಾವು ಅವನ್ನೇ ಮತ್ತೊಮ್ಮೆ ನಡೆಸಿ, ಹಸಿರಾದ ಕೂಡಲೇ ಚಹಾಕ್ಕೆ ಎದ್ದುಬಿಡುತ್ತಿದ್ದೆವು.

"ಎರಡನೇ ಸಲ ಖರೆ ಹೇಳಿದ್ರ, ಮೊದಲನೇ ಸಲ ಸುಳ್ಳು ಹೇಳಿತ್ತೇನು?" ಎಂದು ವಸುಧಕ್ಕ ಕೇಳುತ್ತಿದ್ದರು. ಅಂಥ ಪರೀಕ್ಷೆಗಳ ಹೆಸರನ್ನೆಲ್ಲ ಕಿಟಕಿ ಪಕ್ಕದ ಬೋರ್ಡಿನ ಮೇಲೆ ಬರೆದು, ಯಾವುದು ಯಾವಾಗ ಕೆಂಪಾಗಿ ಬಿತ್ತು, ಆಗ ಜೊತೆಗೆ ಇನ್ನೇನು ನಡೆದಿತ್ತು ಎಂದು ಗುರುತು ಹಾಕುತ್ತಿದ್ದರು.

ಧಾರವಾಡ ಕಡೆಯ ರೈಲ್ವೆ ನೌಕರರ ಮಗಳು, ಬೆಳೆದದ್ದು ಕೋಲ್ಕತ್ತಾದ ಬೆಹಾಲಾದಲ್ಲಿ. ಇಡೀ ಆಫೀಸಿಗೆ ವಸುಧಾದಿಯಾಗಿ ಬಂಗಾಳಿಯಲ್ಲಿ ಹರಟುವವರು, ನನ್ನ ಮೈಸೂರು ಕನ್ನಡ ಕಿವಿಗೆ ಬಿದ್ದೊಡನೆ ಮನೆಮಾತಿಗೆ ಹೊರಳುತ್ತಿದ್ದರು. ಅವರ ಡಬ್ಬಿಯ ಹಚ್ಚಿದ ಅವಲಕ್ಕಿಗೆ ಎಲ್ಲರೂ ಕೈ ಹಾಕುವವರೇ.

ಒಮ್ಮೆ ದುರ್ಗಾಪೂಜೆಯ ರಜೆಗೆ ಮುಂಚೆ ಒಂದು ಆಸ್ಪತ್ರೆಗೆ ಕೆಲಸ ಒಪ್ಪಿಸಬೇಕಿತ್ತು. ರೋಗಿಗೆ ಹಾಸಿಗೆ ಗೊತ್ತುಮಾಡುವ ಭಾಗದ ಪರೀಕ್ಷೆ ಮತ್ತೆ ಕೆಂಪಾಯಿತು. ಮ್ಯಾನೇಜರ್ ತಪನ್‌ದಾ, "ವಸುಧಾದಿ, ಇದನ್ನು ಸದ್ಯ ತೆಗೆದುಬಿಡಿ. ಇದರ ಸ್ವಭಾವವೇ ಹೀಗೆ" ಎಂದರು. ವಸುಧಕ್ಕ ಮಧ್ಯಾಹ್ನದವರೆಗೆ ಸಮಯ ಕೇಳಿದರು. ಹಾಸಿಗೆಯದೇ ಇನ್ನೊಂದು ಪರೀಕ್ಷೆ ಅದೇ ಹೊತ್ತಿಗೆ ನಡೆಯುತ್ತಿದ್ದಾಗ ಮಾತ್ರ ಇದು ಬೀಳುತ್ತದೆಂದು ಬೋರ್ಡು ನೋಡಿ ಅವರಿಗೆ ಅನುಮಾನ ಬಂದಿತ್ತು.

"ತಮ್ಮಾ, ನೀ ಆ ಕಂಪ್ಯೂಟರಿನ ಮುಂದ ಕೂಡು. ನಾ ಹೂಂ ಅಂದ ಕೂಡಲೆ ಒತ್ತು" ಎಂದರು. ಬೇರೆ ಬೇರೆ ರೋಗಿಗೆ ಹಾಸಿಗೆ ಕೊಡುವ ಗುಂಡಿಯನ್ನು ಇಬ್ಬರೂ ಒಟ್ಟಿಗೆ ಒತ್ತುತ್ತಾ ಹೋದೆವು. ಏನೂ ಆಗಲಿಲ್ಲ. ನನಗೆ ಬೇಸರ ಬಂದಿತ್ತು. ಕೊನೆಗೊಮ್ಮೆ ಇಬ್ಬರ ಪರದೆಯಲ್ಲೂ ಒಂದೇ ಹಾಸಿಗೆ, ಬೇರೆ ಬೇರೆ ರೋಗಿಗಳ ಹೆಸರಿನಲ್ಲಿ ಕಾಣಿಸಿಕೊಂಡಿತು.

ತಪನ್‌ದಾ ಎರಡೂ ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಂತರ ಆಸ್ಪತ್ರೆಗೆ ಫೋನ್ ಮಾಡಿ, ಪೂಜೆ ಮುಗಿದ ಮೇಲೆ ಕೊಡುತ್ತೇವೆ ಎಂದರು. ವಸುಧಕ್ಕ ಡಬ್ಬಿಯನ್ನು ಅವರ ಕಡೆ ಸರಿಸಿದರು, ಅಷ್ಟೇ.

ಪ್ರತಿ ಸಲವೂ ಅವರದೇ ಸರಿಯಾಗುತ್ತಿತ್ತೆಂದಲ್ಲ. ಬೆಳ್ಳಂಬೆಳಿಗ್ಗೆ ಮಾತ್ರ ಬೀಳುತ್ತಿದ್ದ ಒಂದು ಪರೀಕ್ಷೆಯ ಪರವಾಗಿ, ತಪ್ಪು ಪ್ರೋಗ್ರಾಮಿನದೇ ಎಂದು ವಾರಗಟ್ಟಲೆ ವಾದಿಸಿದ್ದರು. ಕೊನೆಗೆ ನೋಡಿದರೆ ಅದು ವಿದೇಶದ ಗಡಿಯಾರ ನೋಡಿಕೊಂಡು, ನಮ್ಮಲ್ಲಿನ್ನೂ ನಿನ್ನೆಯೇ ಎಂದುಕೊಂಡಿತ್ತು. "ನಮ್ಮ ಪ್ರೋಗ್ರಾಮ್ ಛಲೋನ ಇತ್ತಪಾ, ಸುಮ್ಮನ ಬೈದ್ವಿ" ಎಂದು ನಗುನಗುತ್ತಾ ಆ ಪರೀಕ್ಷೆಯನ್ನು ಅಳಿಸಿ, ಎಲ್ಲರಿಗೂ ಸಂದೇಶ್ ಮಿಠಾಯಿ ತರಿಸಿದರು.

ಕಳೆದ ವರ್ಷ ಅವರ ಯಜಮಾನರಿಗೆ ರಾಂಚಿಗೆ ವರ್ಗವಾಯಿತು. ಬೋರ್ಡು ನನ್ನ ಪಾಲಿಗೆ ಬಂತು. ಕಾರಣ ಸಿಕ್ಕಂತೆಲ್ಲ ಒಂದೊಂದೇ ಹೆಸರು ಅಳಿಸುತ್ತಾ ಬಂದೆ. ಈಚೆಗೊಂದು ಸಂಜೆ ಬೋರ್ಡು ಪೂರ್ತಿ ಖಾಲಿಯಾಯಿತು. ಪರದೆಯೆಲ್ಲ ಹಸಿರು. ತಡೆಯಲಾರದೆ ಅವರಿಗೆ ಫೋನ್ ಮಾಡಿದೆ.

"ಎಲ್ಲಾ ಹಸರೇನು?" ದನಿಯಲ್ಲಿ ಸಂಶಯವಿತ್ತು. "ಪರೀಕ್ಷಾ ನಡದಾವೋ ಇಲ್ಲೋ, ಮೊದಲ ಅದನ್ನ ನೋಡು."

ನೋಡಿದೆ. ಎಲ್ಲವೂ ನಡೆದಿದ್ದವು. ಮತ್ತೆ ಫೋನ್ ಮಾಡಿ ಹೇಳಿದೆ.



"ಹಂಗಾದ್ರ ಛಲೋ ಆತು. ಇನ್ನ ಮನೀಗೆ ಹೋಗು, ತಮ್ಮಾ" ಎಂದರು.