ಮುಂದು ಅಂದರೆ ಮುಂದಲ್ಲ

ಮೊನ್ನೆ ಔಷಧಿ ಅಂಗಡಿಯಲ್ಲಿ ಯಾರೋ ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧದ ಬಾಟಲಿಯನ್ನು ಕೈಜಾರಿಸಿ ಒಡೆದರು. ಪುದೀನದ ಆ ವಾಸನೆ ಮೂಗಿಗೆ ಬಡಿದದ್ದೇ ವಿಶಾಖಪಟ್ಟಣದ ಆಸ್ಪತ್ರೆಯೊಂದರ ಪುಟ್ಟ ಕೋಣೆ ಕಣ್ಣಮುಂದೆ ಬಂತು. ಅಲ್ಲಿದ್ದವರು ಮೂವರೇ: ಎಚ್‌ಐವಿ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸಿಕೊಡುವ ಕೌನ್ಸೆಲರ್ ಮೇಡಂ, ನನ್ನ ಸೋದರತ್ತೆ ಶಾರದತ್ತೆ, ಇಬ್ಬರ ನಡುವೆ ದುಭಾಷಿಯಾಗಿ ತೆಲುಗು ಪಂಡಿತನಾದ ನಾನು.

ಪಂಡಿತ ಅಂದದ್ದಕ್ಕೆ ನಗಬೇಡಿ. ಬ್ಯಾಂಕಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣದ ದ್ವಾರಕಾ ನಗರ ಶಾಖೆಗೆ ಬಂದು ಎಂಟೇ ತಿಂಗಳಲ್ಲಿ ಆಟೋದವರೊಡನೆ ಜಗಳ ಆಡುವಷ್ಟು ತೆಲುಗು ನನಗೆ ಬಂದಿತ್ತು. ಒಂದು ಭಾಷೆ ಬಂತು ಅನ್ನುವುದಕ್ಕೆ ಇನ್ನೇನು ಬೇಕು ಎಂದುಕೊಂಡಿದ್ದೆ.

ಅತ್ತೆ ಧಾರವಾಡದಾಕೆ. ಸೋಂಕು ಗಂಡನಿಂದ ಬಂದದ್ದು. ಅವನು ತೀರಿಹೋಗಿ ವರ್ಷಗಳಾಗಿದ್ದವು. ಊರಿನ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಮಾತ್ರೆಗಿಂತ ಮೊದಲು ಸುದ್ದಿ ಮನೆ ಸೇರುತ್ತದೆಂದು ನಮ್ಮಲ್ಲಿಗೆ ಬಂದಳು. ದಿನಕ್ಕೊಂದೇ ಮಾತ್ರೆ, ಗಡಿಯಾರ ನೋಡಿ ನುಂಗುವಳು. ಆದರೆ ಆಂಧ್ರದ ಆವಕಾಯಿ ಉಪ್ಪಿನಕಾಯಿ ಆಕೆಯನ್ನು ಗೆದ್ದುಬಿಟ್ಟಿತ್ತು. ಬಿಸಿ ಅನ್ನಕ್ಕೆ ಕಲಸಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ಉಣ್ಣುವುದು, ಆಮೇಲೆ ಎದೆಯುರಿ, ಆಮೇಲೆ ಗುಲಾಬಿ ಔಷಧ.

ಇದನ್ನು ಮೇಡಂಗೆ ಮೊದಲೇ ಹೇಳಿದ್ದೆವು. "ಗ್ಯಾಸ್ ಮಂದುಕಿ ರೆಂಡು ಗಂಟಲ ಮುಂದು ಈ ಮಾತ್ರ ವೇಸುಕೋವಾಲಿ" ಎಂದಿದ್ದರು. ಮಂದು ಅಂದರೆ ಔಷಧ, ರೆಂಡು ಗಂಟಲ ಅಂದರೆ ಎರಡು ಗಂಟೆ, ಮಾತ್ರ ಅಂದರೆ ಮಾತ್ರೆ, ಅಷ್ಟು ನನಗೆ ಗೊತ್ತು. ಮುಂದು? ಮುಂದಿನ ವಾರ, ಮುಂದಿನ ವರ್ಷ, ಎಲ್ಲವೂ ಆಮೇಲೆ ಬರುವಂಥವೇ ಅಲ್ಲವೇ? ಗ್ಯಾಸಿನ ಔಷಧ ಕುಡಿದು ಎರಡು ತಾಸು ಆದಮೇಲೆ ಗುಳಿಗಿ, ಎಂದು ಅತ್ತೆಗೆ ಗಂಭೀರವಾಗಿ ಅನುವಾದಿಸಿಕೊಟ್ಟೆ.

ತಿಂಗಳುಗಳು ಕಳೆದವು. ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಪರೀಕ್ಷಿಸಿದರೆ, ಇಳಿಯಬೇಕಾದದ್ದು ಇಳಿದಿರಲಿಲ್ಲ. ಹೀಗೇ ಆದರೆ ಬೇರೆ ಮಾತ್ರೆಗಳಿಗೆ ಹೋಗಬೇಕಾದೀತು ಎಂದರು ಡಾಕ್ಟರು. ಮಧ್ಯೆ ಮಧ್ಯೆ ಬಿಟ್ಟಿದ್ದೀರಾ ಎಂದು ಮೇಡಂ ಮೆಲ್ಲಗೆ ಕೇಳಿದರು. ನಾನು ಅದನ್ನು ಕನ್ನಡಿಸುತ್ತಲೇ ಅತ್ತೆಯ ಮುಖ ಕೆಂಪಾಯಿತು.

"ಒಂದ ದಿನಾನೂ ಬಿಟ್ಟಿಲ್ಲಂತ ಹೇಳು ಅಕಿಗೆ. ಬ್ಯಾಡ, ನಿನ್ನ ತೆಲುಗು ನಿನ್ನ ಹತ್ರಾನ ಇರಲಿ. ನಾನ ತೋರಸ್ತೀನಿ."

ಮೇಜಿನ ಮೇಲಿನ ಕಾಗದವನ್ನೇ ಎಲೆ ಮಾಡಿಕೊಂಡು ಊಟಕ್ಕೆ ಕುಳಿತಳು. ಬೆರಳು ನೆಕ್ಕಿದಳು. ಎದೆ ಹಿಡಿದು ತೇಗಿದಳು. ಅದೊಂದು ಮಾತ್ರ ಅಭಿನಯವಾಗಿರಲಿಲ್ಲ. ಇಲ್ಲದ ಬಾಟಲಿಯನ್ನು ಅಲುಗಿಸಿ ಕುಡಿದಳು. ಗೋಡೆಯ ಗಡಿಯಾರದ ಕಡೆ ಕೈ ಮಾಡಿ ಎರಡು ಬೆರಳೆತ್ತಿ, ಕಣ್ಣುಮುಚ್ಚಿ ಮಾತ್ರೆ ನುಂಗಿದಳು. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಮೇಡಂ ಥಟ್ಟನೆ ನಗು ನಿಲ್ಲಿಸಿದರು. ಔಷಧ ಮೊದಲು, ಮಾತ್ರೆ ಆಮೇಲೆ ಎಂದು ಹೇಳಿದವರು ಯಾರೆಂದು ತೆಲುಗಿನಲ್ಲಿ ಕೇಳಿದರು. ತೆಲುಗು ಬಾರದ ಅತ್ತೆಗೆ ಆ ಪ್ರಶ್ನೆ ಮಾತ್ರ ಹೇಗೋ ಪೂರ್ತಿ ಅರ್ಥವಾಗಿ, ನನ್ನತ್ತ ಬೆರಳು ತೋರಿಸಿದಳು.

ತೆಲುಗಿನ ಮುಂದು ನಮ್ಮ ಮುಂಚೆ ಎಂದು ಅವತ್ತು ತಿಳಿಯಿತು. ಆ ಗುಲಾಬಿ ಔಷಧ ಹೊಟ್ಟೆಯಲ್ಲಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಮಾತ್ರೆ ಮೊದಲು, ಎರಡು ಗಂಟೆ ಬಿಟ್ಟು ಔಷಧ. ಔಷಧ ಮೊದಲೇ ಕುಡಿದುಬಿಟ್ಟರೆ ಮಾತ್ರೆಗೆ ಆರು ಗಂಟೆ ಕಾಯಬೇಕು. ಮೇಡಂ ಅದನ್ನು ಚಿತ್ರ ಬರೆದು ತೋರಿಸಿದರು, ನನ್ನ ಕಡೆ ನೋಡದೆ. ತಪ್ಪು ನನ್ನದು ಎಂದು ಅತ್ತೆಯ ಮುಂದೆ ತಲೆ ತಗ್ಗಿಸಿದೆ.

"ನಿಂದೇ ಬಿಡು," ಎಂದಳು ಅತ್ತೆ. "ನಾ ಗುಳಿಗಿ ತಪ್ಪಸಿಲ್ಲ ಅನ್ನೂದು ಅಕಿಗೆ ತಿಳೀತಲ್ಲ, ಅಷ್ಟ ಸಾಕು."

ಮೂರು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ವೈರಸ್ಸು ಪರೀಕ್ಷೆಯ ಯಂತ್ರಕ್ಕೂ ಸಿಗದಷ್ಟು ಇಳಿದಿತ್ತು. ಮಾತ್ರೆ ಬದಲಿಸುವ ಮಾತು ಬರಲಿಲ್ಲ. ಅಷ್ಟರಲ್ಲಿ ಅತ್ತೆ, ನನ್ನನ್ನು ನಂಬಿ ಪ್ರಯೋಜನವಿಲ್ಲವೆಂದು, ತರಕಾರಿಯಾಕೆಯ ಬುಟ್ಟಿಯ ಪಕ್ಕ ಕುಳಿತು ತಾನೇ ತೆಲುಗು ಕಲಿಯತೊಡಗಿದ್ದಳು.

ಈ ವರ್ಷ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅತ್ತೆಯ ಚಿಕಿತ್ಸೆಯೂ ಇಲ್ಲಿಗೇ ಬಂತು. ಕಳೆದ ತಿಂಗಳು ಮಾತ್ರೆಗೆಂದು ಇಲ್ಲಿನ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕುಳಿತಿದ್ದೆವು. ಗದಗದ ಕಡೆಯ ಹೆಂಗಸೊಬ್ಬಳು ಒಳಗೆ ಮಾತು ತಿಳಿಯದೆ ಒದ್ದಾಡುತ್ತಿದ್ದಳು. ಕೌನ್ಸೆಲರ್ ಬಾಗಿಲಿಗೆ ಬಂದು, ಕನ್ನಡ ಬಲ್ಲವರು ಯಾರಾದರೂ ಇದ್ದೀರಾ ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದರು. ನಾನು ಎದ್ದೆ. ಅತ್ತೆ ನನ್ನ ಅಂಗಿ ಹಿಡಿದೆಳೆದು ಕೂರಿಸಿ, ಎಲ್ಲರ ಎದುರಿಗೇ ಕೈಯೆತ್ತಿ, ಒಳಗೆ ಹೋದಳು.