ಬತ್ತಿದ ಕೈಯ ಧ್ಯಾನ

ಅಣ್ಣಿಗೇರಿಯಲ್ಲಿ ಪ್ರಭುದಾಸ ಟೇಲರ ಎಲ್ಲಿ ಎಂದು ಕೇಳಿದರೆ ಯಾರಾದರೂ ನನ್ನ ಅಂಗಡಿ ತೋರಿಸುತ್ತಾರೆ. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ, ಹೇಳಿದ ದಿನಕ್ಕೆ ಕೊಡುವುದಿಲ್ಲ. ಇದು ನನ್ನ ಅರ್ಧ ಪರಿಚಯ. ಉಳಿದರ್ಧ ಮೊಬೈಲಿನಲ್ಲಿದೆ.

ನಮ್ಮ ಕ್ರೈಸ್ತ ಸಭೆ ಬಹಳ ಚಿಕ್ಕದು. ಸಭಾಪಾಲಕರಿಗೆ ಸುತ್ತಲಿನ ಊರುಗಳೂ ಇರುವುದರಿಂದ ನಮ್ಮಲ್ಲಿಗೆ ಬರುವುದು ತಿಂಗಳಿಗೊಮ್ಮೆ. ಉಳಿದ ದಿನಗಳಲ್ಲಿ ಜನರ ಆತ್ಮ ಬಾಡಬಾರದೆಂದು ಅವರು ವಾಟ್ಸಪ್ಪಿನಲ್ಲಿ ‘ಮುಂಜಾನೆಯ ಧ್ಯಾನ’ ಎಂಬ ಗುಂಪು ಮಾಡಿದರು. ದಿನವೂ ಸತ್ಯವೇದದ ಒಂದು ಭಾಗ ಓದಿ, ಅದರ ಮೇಲೆ ನಾಲ್ಕು ಮಾತು ಹೇಳಿ, ಪ್ರಾರ್ಥಿಸಿ, ಧ್ವನಿ ಮುದ್ರಿಸಿ ಕಳಿಸಲು ಯಾರು ಮುಂದೆ ಬರುತ್ತೀರಿ ಎಂದಾಗ ಎದ್ದು ನಿಂತವನು ನಾನೊಬ್ಬನೇ. ದೇವರ ಕರೆ ಬಂದಿದೆ ಎಂದು ಸಭೆಗೆ ಹೇಳಿದೆ. ನಿಜವಾಗಿ ಬಂದಿದ್ದು ನನ್ನ ಧ್ವನಿ ಚೆನ್ನಾಗಿದೆ ಎಂಬ ಸೊಕ್ಕು.

ಧ್ಯಾನಕ್ಕೆಂದೇ ನಾನೊಂದು ಬೇರೆ ಗಂಟಲು ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ‘ನಾಳಿ ಬರ್ರಿ’ ಎನ್ನುವ ಗಂಟಲು ಅದಲ್ಲ. ಹೊಟ್ಟೆಯ ಆಳದಿಂದ ಗಾಳಿ ಎಳೆದು ‘ಪ್ರಿಯರೇ’ ಎಂದು ಶುರು ಮಾಡಿದರೆ ನನಗೇ ಮೈ ಜುಮ್ಮೆನ್ನುತ್ತದೆ. ನನ್ನ ಹೆಂಡತಿ ರೋಹಿಣಿಗೆ ಮಾತ್ರ ಏನೂ ಆಗುವುದಿಲ್ಲ. ಮದುವೆಯಾದಾಗಿನಿಂದ ತನ್ನನ್ನು ಒಮ್ಮೆಯೂ ಪ್ರಿಯೆ ಎನ್ನದ ಮನುಷ್ಯ ಮುಖ ಕಾಣದವರಿಗೆ ದಿನಾ ಪ್ರಿಯರೇ ಅನ್ನುತ್ತಾನೆ ಎಂದು ಅವಳ ತಕರಾರು. ಕಳಿಸಿದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಯಾರು ಆಮೆನ್ ಬರೆದರು, ಯಾರು ಬರೀ ಕೈಮುಗಿದ ಚಿತ್ರ ಹಾಕಿ ಕೈತೊಳೆದುಕೊಂಡರು ಎಂದು ನೋಡುವುದು ನನ್ನ ಎರಡನೆಯ ಧ್ಯಾನ. ಬೇರೆ ಊರಾದ ಯರಗುಪ್ಪಿಯಲ್ಲಿರುವ ಸುಶೀಲವ್ವ ನಮ್ಮ ಸಭೆಗೆಲ್ಲ ಹಿರಿಯಳು. ಆಕೆ ಎಂದೂ ಏನೂ ಬರೆದವಳಲ್ಲ, ಹೀಗಾಗಿ ಆಕೆ ಕೇಳುವುದೇ ಇಲ್ಲ ಎಂದುಕೊಂಡು ಒಳಗೊಳಗೇ ಮುನಿಸಿಕೊಂಡಿದ್ದೆ.

ನನ್ನ ಧ್ಯಾನಕ್ಕೆ ದೊಡ್ಡ ಅಡ್ಡಿಯೆಂದರೆ ಜೋಳದ ರೊಟ್ಟಿ. ನಾನು ಮುದ್ರಿಸುವ ಹೊತ್ತಿಗೇ ಅಡುಗೆಮನೆಯಲ್ಲಿ ರೋಹಿಣಿ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಮಾರ್ಥ ಮತ್ತು ಮರಿಯಳ ಭಾಗ ಬಂತು. ಅಕ್ಕ ಮಾರ್ಥ ಅಡುಗೆಯ ಗಡಿಬಿಡಿಯಲ್ಲಿದ್ದಳು, ತಂಗಿ ಮರಿಯ ಯೇಸುವಿನ ಪಾದದ ಬಳಿ ಕುಳಿತು ಕೇಳುತ್ತಿದ್ದಳು, ಕೇಳುವುದೇ ಉತ್ತಮ ಭಾಗ ಎಂದು ನಾನು ಏರುದನಿಯಲ್ಲಿ ಸಾರುತ್ತಿದ್ದರೆ ಹಿಂದೆ ಟಪಟಪ ಟಪಟಪ. ಅವತ್ತೇ ಆ ವಚನ ತೋರಿಸಿ, ನನ್ನ ಧ್ಯಾನ ಮುಗಿಯುವವರೆಗೆ ರೊಟ್ಟಿ ಬಡಿಯಬಾರದೆಂದು ಕಟ್ಟಪ್ಪಣೆ ಮಾಡಿದೆ. ಆಮೇಲೆ ಮರಿಯಳಿಗೆ ಹಸಿವಾದರೆ ಏನು ತಿನ್ನಬೇಕು ಎಂದು ಅವಳು ಕೇಳಿದಳು. ಅವಳಿಗೆ ಆತ್ಮಿಕ ತಿಳಿವಳಿಕೆ ಕಡಿಮೆ ಎಂದುಕೊಂಡೆ. ಅಂದಿನಿಂದ ಅವಳು ಆ ಹೊತ್ತಿನಲ್ಲಿ ಮಾತಾಡಲು ಬಂದರೂ ಬೆರಳೆತ್ತಿ ‘ಶ್’ ಎನ್ನುವುದು ರೂಢಿಯಾಯಿತು.

ಕಳೆದ ಚಳಿಗಾಲದ ಒಂದು ಮಂಗಳವಾರ ಕೈ ಬತ್ತಿಹೋದ ಮನುಷ್ಯನ ಕಥೆ ಬಂದಿತ್ತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಸಭಾಮಂದಿರದಲ್ಲಿ ಯೇಸು ಅವನನ್ನು ನಡುವೆ ನಿಲ್ಲಿಸಿ ವಾಸಿಮಾಡಿದ ಕಥೆ. ಅಡುಗೆಮನೆ ಅವತ್ತು ಎಂದಿಗಿಂತ ಹೆಚ್ಚು ಶಾಂತವಾಗಿತ್ತು. ಈ ಪ್ರಶಾಂತ ಮುಂಜಾನೆಗಾಗಿ ಸ್ತೋತ್ರ ಎಂದು ಪ್ರಾರ್ಥನೆಯಲ್ಲಿ ಸೇರಿಸಿದೆ. ನಡುವೆ ರೋಹಿಣಿ ಬಾಗಿಲಿಗೆ ಬಂದು ಏನೋ ಅಂದಳು, ನಾನು ‘ಶ್’ ಅಂದೆ, ಅವಳು ಒಳಗೆ ಹೋದಳು. ಕಳಿಸಿ ಕಟ್ಟೆಗೆ ಬಂದು ಕುಳಿತೆ. ಆಮೆನ್‌ಗಳು ಬಂದವು, ಚಹಾ ಮಾತ್ರ ಬರಲಿಲ್ಲ. ಸಿಟ್ಟು ಬಂತು. ಅದನ್ನು ನುಂಗಿಕೊಂಡು, ನಾಳೆ ತಾಳ್ಮೆಯ ಮೇಲೆ ಮಾತಾಡಬೇಕು ಎಂದುಕೊಂಡೆ.

ಆಗ ಸುಶೀಲವ್ವನ ಫೋನು ಬಂತು. ಆ ಕೈ ಈಗ ಹೇಗಿದೆ ಎಂದು ಕೇಳಿದಳು. ಮುದುಕಿಗೂ ನನ್ನ ಧ್ಯಾನ ನಾಟಿತಲ್ಲ ಎಂದು ಹಿಗ್ಗಿಹೋದೆ. ಪೂರ್ತಿ ನೆಟ್ಟಗಾಯಿತವ್ವಾ, ಇನ್ನೊಂದು ಕೈಯಂತೆಯೇ ಆಯಿತು ಎಂದೆ. ಯಾವಾಗ ಎಂದಳು. ಸಬ್ಬತ್ ದಿನವೇ ಎಂದೆ. ಇವತ್ತು ಮಂಗಳವಾರ ಅಲ್ಲವೇನೋ ಎಂದು ಆಕೆ ಗೊಂದಲಕ್ಕೆ ಬಿದ್ದಳು. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದಳು. ನಾನು ಧ್ಯಾನದ ಗಂಟಲು ತೆಗೆದು, ಡಾಕ್ಟರೇಕೆ ಅವ್ವಾ, ಕರ್ತನ ಒಂದು ಮಾತು ಸಾಕಾಯಿತು, ನಮಗೆ ವಿಶ್ವಾಸ ಬೇಕು ಅಷ್ಟೆ ಎಂದು ವಿವರಿಸತೊಡಗಿದೆ.

“ಲೇ ಪ್ರಭ್ಯಾ, ನಾ ಕೇಳಾಕತ್ತಿದ್ದು ರೋಹಿಣಿ ಕೈ” ಅಂದಳು. “ಕೈ ಎತ್ತಾಕ ಬರವಲ್ದು ಅಂತ ಆಕಿ ಹೇಳಿದ್ದು ಯರಗುಪ್ಪಿಯೊಳಗ ನನಗ ಕೇಳಿಸೇತಿ. ಬಾಜೂಕ ಕುಂತ ನಿನಗ ಕೇಳಿಸ್ಲಿಲ್ಲಾ? ಧ್ಯಾನ ಮಾಡಿದಿ, ಧ್ಯಾಸ ಎಲ್ಲಿತ್ತೋ?”

ಒಳಗೆ ಓಡಿದೆ. ರೋಹಿಣಿ ಹಿಟ್ಟಿನ ಡಬ್ಬಿಗೆ ಒರಗಿ ಕುಳಿತಿದ್ದಳು. ಬಲಗೈ ಹಿಟ್ಟು ನಾದುವ ಪರಾತದ ಪಕ್ಕ ಬಿದ್ದಿತ್ತು. ಬಾಯಿ ಒಂದು ಕಡೆ ಎಳೆದಿತ್ತು, ನನ್ನನ್ನು ನೋಡಿ ಏನೋ ಅಂದಳು, ಮಾತು ತೊದಲಿತು. ಪಕ್ಕದ ಮನೆಯ ಆಸೀಫ್ ಬಾಡಿಗೆಗೆ ಹೋಗಲು ಕಾರು ಒರೆಸುತ್ತಿದ್ದ. ಬಾಡಿಗೆ ಬಿಟ್ಟು ನಮ್ಮನ್ನು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೊರಟ. ದಾರಿಯಲ್ಲಿ ಪ್ರಾರ್ಥಿಸೋಣವೆಂದರೆ ದಿನವೂ ಪುಂಖಾನುಪುಂಖವಾಗಿ ಪ್ರಾರ್ಥಿಸುವ ನನ್ನ ಬಾಯಿಂದ ಹೊರಟಿದ್ದು ‘ಕರ್ತನೇ, ಕರ್ತನೇ, ಆಸೀಫಾ, ಜೋರ ಹೊಡಿಯೋ’ ಎಂಬುದೊಂದೇ.

ಆಸ್ಪತ್ರೆಯಲ್ಲಿದ್ದವಳು ಎಳೆಯ ವಯಸ್ಸಿನ ಡಾಕ್ಟರು. ಸ್ಕ್ಯಾನ್ ಮಾಡಿಸಿ ನೋಡಿ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ಕೆಲವೇ ತಾಸಿನೊಳಗೆ ಕೊಡಬೇಕು, ತಡವಾಗಿ ಕೊಟ್ಟರೆ ಅದರಿಂದಲೇ ಜೀವಕ್ಕೆ ಅಪಾಯ ಎಂದಳು. ಯಾವಾಗ ಶುರುವಾಯಿತು ಎಂದು ನನ್ನನ್ನು ಕೇಳಿದಳು. ಒಂದೇ ಮನೆಯಲ್ಲಿ ಎದ್ದ ಗಂಡ ನಾನು. ನನಗೆ ಗೊತ್ತಿರಲಿಲ್ಲ. ರೋಹಿಣಿ ಹೇಳಲು ಒದ್ದಾಡಿದಳು, ನಾಲಿಗೆ ಹೊರಳಲಿಲ್ಲ.

ಕೊನೆಗೆ ಸುಶೀಲವ್ವನ ಮಾತು ನೆನಪಾಗಿ, ಮೊಬೈಲು ತೆಗೆದು ನನ್ನ ಧ್ಯಾನವನ್ನೇ ಹಚ್ಚಿದೆ. ವಾರ್ಡಿನ ಜನರೆಲ್ಲ ತಿರುಗಿದರು. ಪ್ರಿಯರೇ, ಪ್ರಿಯರೇ ಎಂದು ಯಾವನೋ ಒಬ್ಬ ನಾಟಕದವನಂತೆ ಗುಡುಗುತ್ತಿದ್ದ. ಅವನ ಹಿಂದೆ ಸಣ್ಣಗೆ ರೋಹಿಣಿಯ ದನಿ: “ಇಲ್ನೋಡ್ರಿ, ಈಗಿನ ತನಕ ಸರಿ ಇತ್ತು, ಹಿಟ್ಟು ನಾದಾಕ ಹೋದ್ರ ಕೈ ಎತ್ತಾಕ ಬರವಲ್ದು.” ಅದರ ಮೇಲೆ ‘ಶ್’. ಅದರ ಬೆನ್ನಿಗೇ ಗುಡುಗು: “ಪ್ರಿಯರೇ, ಅಲ್ಲಿದ್ದ ಒಬ್ಬರ ಕಣ್ಣಿಗೂ ಆ ಮನುಷ್ಯನ ಸಂಕಟ ಬೀಳಲಿಲ್ಲ.”

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಡಾಕ್ಟರು ನನ್ನನ್ನು ಬಯ್ಯಲೂ ಇಲ್ಲ, ಅಷ್ಟು ಪುರಸತ್ತು ಆಕೆಗಿರಲಿಲ್ಲ. ಮೊಬೈಲಿನಲ್ಲಿ ಧ್ಯಾನ ಕಳಿಸಿದ ವೇಳೆ ನೋಡಿ, “ಇನ್ನೂ ಟೈಮ್ ಐತ್ರಿ” ಎಂದು ನರ್ಸನ್ನು ಕರೆದಳು.

ಸಂಜೆ ಹೆಬ್ಬೆರಳು ಅಲುಗಿತು. ಬಾಯಿ ತುಸು ಸರಿಹೋಗಿ ಮಾತು ತಿಳಿಯುವಂತಾಯಿತು. ನನ್ನಂಥವನು ಸುಮ್ಮನಿರುತ್ತಾನೆಯೇ? ಎದ್ದು ನಿಂತು, ಕಣ್ಣು ಮುಚ್ಚಿ, ಕೃಪಾಳುವಾದ ತಂದೆಯೇ ಎಂದು ಶುರು ಹಚ್ಚಿಕೊಂಡೆ. ರೋಹಿಣಿ ಎಡಗೈಯಿಂದ ನನ್ನ ಅಂಗಿ ಜಗ್ಗಿದಳು.

“ನೀವು ಕುಂದರ್ರಿ. ಇವತ್ತ ನಾ ಮಾಡ್ತೀನಿ.”

ಕುಳಿತೆ. ತನ್ನ ಕೈಗಾಗಿ ಬೇಡಿಕೊಳ್ಳುತ್ತಾಳೆ ಎಂದುಕೊಂಡು ತಲೆ ಬಾಗಿಸಿದೆ. ಒಂದೊಂದೇ ಮಾತನ್ನು ಕಷ್ಟಪಟ್ಟು ಎತ್ತಿ ಇಟ್ಟಳು.

“ಕರ್ತನೇ, ಇವರು ಭಾಳ ಅಂಜ್ಯಾರ. ಮುಂಜಾನಿಂದ ಏನೂ ತಿಂದಿಲ್ಲ. ಇವರನ್ನ ನೋಡ್ಕೋ.”

ಅಷ್ಟೇ ಅವಳ ಪ್ರಾರ್ಥನೆ. ಆಮೆನ್ ಎನ್ನಬೇಕಾದವನು ನಾನು. ಹಾಸಿಗೆಯ ಅಂಚಿಗೆ ಹಣೆ ಇಟ್ಟು ಅತ್ತುಬಿಟ್ಟೆ.